ಡಾಕ್ಟರಿಗಿಂತ ಮೊದಲು ನಿಮ್ಮನ್ನು ನೋಡುವವರು ಯಾರು? ಮೆಡಿಕಲ್ ಅಸಿಸ್ಟೆಂಟ್ ಕೆಲಸದ ಬಗ್ಗೆ ತಿಳಿಯಿರಿ

ಆಸ್ಪತ್ರೆಯಲ್ಲಿ ನಿಮ್ಮ ಹೆಸರು ಕರೆದು, ತೂಕ ನೋಡಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿ ಬರೆದುಕೊಳ್ಳುವವರು ಸಾಮಾನ್ಯವಾಗಿ ಡಾಕ್ಟರಲ್ಲ. ಡಾಕ್ಟರ್ ನಿಮ್ಮೊಂದಿಗೆ ಕಳೆಯುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅವರು ಮೊದಲು ಕಣ್ಣಾಡಿಸುವುದು ಈ ವ್ಯಕ್ತಿ ಬರೆದಿಟ್ಟ ವಿವರದ ಮೇಲೆ. ಅಲ್ಲಿ ಒಂದು ಮಾತ್ರೆಯ ಹೆಸರು ಬಿಟ್ಟುಹೋದರೆ, ಮುಂದೆ ಬರೆಯುವ ಚೀಟಿಯೂ ತಪ್ಪಬಹುದು. ಆದ್ದರಿಂದ ಇವರು ಯಾರು, ಇವರಿಗೆ ಏನು ಹೇಳಬೇಕು, ಇವರಿಂದ ಏನನ್ನು ಕೇಳಬಾರದು ಎಂಬುದು ನಿಮಗೆ ಗೊತ್ತಿರಬೇಕು.

ಕಾಂಪೌಂಡರ್, ನರ್ಸ್, ಫಿಸಿಷಿಯನ್ ಅಸಿಸ್ಟೆಂಟ್

ಬಡಾವಣೆಯ ಸಣ್ಣ ಕ್ಲಿನಿಕ್ಕಿನಲ್ಲಿ ಈ ಕೆಲಸ ಮಾಡುವವರನ್ನು ನಾವು ಇಂದಿಗೂ ಕಾಂಪೌಂಡರ್ ಎನ್ನುತ್ತೇವೆ. ಎಷ್ಟೋ ಜನ ಡಾಕ್ಟರ ಬಳಿಯೇ ವರ್ಷಗಟ್ಟಲೆ ಇದ್ದು ಕೆಲಸ ಕಲಿತವರು. ದೊಡ್ಡ ಆಸ್ಪತ್ರೆಯಲ್ಲಿ ಇದೇ ಕೆಲಸವನ್ನು ನರ್ಸ್ ಮಾಡಬಹುದು, ಅಥವಾ ಫಿಸಿಷಿಯನ್ ಅಸಿಸ್ಟೆಂಟ್ ಮಾಡಬಹುದು. ನರ್ಸ್ ನರ್ಸಿಂಗ್ ಓದಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವರು. ಫಿಸಿಷಿಯನ್ ಅಸಿಸ್ಟೆಂಟ್ ಬೇರೆಯದೇ ಪದವಿ ಓದಿದವರು. ನಮ್ಮ ದೇಶದಲ್ಲಿ ಈ ಶಿಕ್ಷಣ ಆರಂಭವಾದದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ, ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್ ಅವರ ಮುಂದಾಳತ್ವದಲ್ಲಿ. 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಇವರನ್ನು 'ಫಿಸಿಷಿಯನ್ ಅಸೋಸಿಯೇಟ್' ಎಂಬ ಹೆಸರಿನಲ್ಲಿ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಇವರು ರೋಗಿಯ ಹಿಂದಿನ ಆರೋಗ್ಯದ ವಿವರ ಕೇಳಿ ಬರೆಯುತ್ತಾರೆ, ಪರೀಕ್ಷಿಸುತ್ತಾರೆ, ಆಪರೇಷನ್‌ನಲ್ಲಿ ನೆರವಾಗುತ್ತಾರೆ. ಇದೆಲ್ಲ ಡಾಕ್ಟರ ಮೇಲ್ವಿಚಾರಣೆಯಲ್ಲಿ. ಸ್ವತಂತ್ರವಾಗಿ ಚೀಟಿ ಬರೆಯುವ ಅಧಿಕಾರ ಅವರಿಗಿಲ್ಲ.

ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ "ಇವತ್ತು ಪಿಎ ನೋಡಿದ್ರು" ಎಂದರೆ ಗಾಬರಿ ಬೇಡ. ಅಲ್ಲಿ ಪಿಎ ಎಂದರೆ ಫಿಸಿಷಿಯನ್ ಅಸಿಸ್ಟೆಂಟ್. ಅವರಿಗೆ ಅಲ್ಲಿ ಔಷಧ ಬರೆಯಲು ಅನುಮತಿಯಿದೆ. ಮೆಡಿಕಲ್ ಅಸಿಸ್ಟೆಂಟ್ ಅಲ್ಲಿ ಬೇರೆ ಹುದ್ದೆ; ತೂಕ, ಬಿಪಿ, ಅಪಾಯಿಂಟ್‌ಮೆಂಟ್, ದಾಖಲೆ ನೋಡಿಕೊಳ್ಳುವವರು. ಅನುವಾದ ಮಾಡುವಾಗ ನನಗೆ ಇದೊಂದು ದೊಡ್ಡ ತಲೆನೋವು. ಎರಡಕ್ಕೂ 'ವೈದ್ಯಕೀಯ ಸಹಾಯಕ' ಎಂದು ಬರೆದರೆ ಓದುವವರ ಮನಸ್ಸಿಗೆ ಬರುವುದು ವಾರ್ಡ್ ಬಾಯ್! ಹಾಗಾಗಿ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡಿದ್ದೇನೆ.

ಬಿಪಿ ನೋಡುವಾಗ

ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಬಿಪಿ ನೋಡಿದರೆ ಸಂಖ್ಯೆ ಹೆಚ್ಚು ಬರುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂತಿದ್ದರೂ, ಮಾತಾಡುತ್ತಿದ್ದರೂ, ಮೂತ್ರ ಕಟ್ಟಿಕೊಂಡಿದ್ದರೂ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಹಾಗೆಯೇ. ಆ ಸಂಖ್ಯೆ ನೋಡಿ ಡಾಕ್ಟರ್ ಮಾತ್ರೆಯ ಡೋಸ್ ಏರಿಸಿದರು ಎಂದಿಟ್ಟುಕೊಳ್ಳಿ. ಮನೆಯಲ್ಲಿ ನಿಜವಾದ ಬಿಪಿ ಅಷ್ಟಿಲ್ಲದ ಅಜ್ಜಿ ರಾತ್ರಿ ಬಚ್ಚಲಿಗೆ ಹೋಗಲು ಎದ್ದಾಗ ತಲೆ ಸುತ್ತಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುವುದಕ್ಕೆ ಅಷ್ಟು ಸಾಕು.

ಆದ್ದರಿಂದ "ಐದು ನಿಮಿಷ ಕೂತುಕೊಳ್ಳುತ್ತೇನೆ, ಆಮೇಲೆ ನೋಡಿ" ಎಂದು ಕೇಳಲು ಸಂಕೋಚ ಬೇಡ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇರಲಿ. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಬೇಕು, ಸ್ವೆಟರ್ ಮೇಲಲ್ಲ. ಅದಕ್ಕೂ ಮೊದಲಿನ ಅರ್ಧ ಗಂಟೆ ಕಾಫಿ, ಬೀಡಿ, ಸಿಗರೇಟು ಬೇಡ. ಸಾಲು ಉದ್ದವಿದ್ದಾಗ ಅಸಿಸ್ಟೆಂಟ್‌ಗೆ ಇದನ್ನೆಲ್ಲ ನೋಡಲು ಪುರುಸೊತ್ತಿರುವುದಿಲ್ಲ, ನೀವೇ ನೆನಪಿಟ್ಟುಕೊಳ್ಳಿ.

ಮಾತ್ರೆ ಕೇಳಿದಾಗ

ಔಷಧ ಅಂಗಡಿಯ ಕೌಂಟರಿನಲ್ಲಿ ನಿಂತವರಿಗೆ "ಬಿಳಿ ಬಣ್ಣದ ಬಿಪಿ ಮಾತ್ರೆ" ಎಂಬ ಉತ್ತರ ಚೆನ್ನಾಗಿ ಪರಿಚಿತ. ಬಿಳಿ ಬಣ್ಣದ ಮಾತ್ರೆಗಳಿಗೆ ಲೆಕ್ಕವಿಲ್ಲ. ಬಾಯಲ್ಲಿ ಹೇಳುವ ಬದಲು ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ಸ್ಟ್ರಿಪ್ ಕತ್ತರಿಸುವಾಗ ಹೆಸರಿರುವ ಭಾಗ ಉಳಿಸಿಕೊಳ್ಳಿ.

ಜನ ಹೇಳಲು ಮರೆಯುವುದು ಹೆಚ್ಚಾಗಿ ಇವನ್ನೇ: ಸ್ಟೆಂಟ್ ಹಾಕಿದ ಮೇಲೆ ಕೊಟ್ಟ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಮಂಡಿನೋವಿಗೆ ಅಂಗಡಿಯಿಂದ ತಾವೇ ತಂದ ಡೈಕ್ಲೋಫೆನಾಕ್, ಊರಿನಿಂದ ತಂದ ನಾಟಿ ಪುಡಿ. ಹಲ್ಲು ಕೀಳಿಸುವ ಮುನ್ನ, ಆಪರೇಷನ್ ಮುನ್ನ ಮೊದಲಿನ ಎರಡು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳೆಂದು ಗೊತ್ತಿರಲೇಬೇಕು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಯಾವಾಗ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ ಎನ್ನುವುದನ್ನು ಡಾಕ್ಟರ್ ಹೇಳಬೇಕು. ಡೈಕ್ಲೋಫೆನಾಕ್ ಬಿಪಿಯನ್ನು ಏರಿಸಬಹುದು, ಕಿಡ್ನಿಗೂ ಪೆಟ್ಟು ಕೊಡಬಹುದು. ಆ ಪುಡಿಯನ್ನೂ ಮುಚ್ಚಿಡಬೇಡಿ. ಯಾರಾದರೂ ನಕ್ಕರೆ ನಗಲಿ.

ಭಾಷೆಯ ತೊಡಕು

ಪುಣೆಯಲ್ಲೋ ದೆಹಲಿಯಲ್ಲೋ ಇರುವ ಮಗನ ಮನೆಗೆ ಬಂದ ತಾಯಿ "ಸಂಕಟ ಆಗ್ತದ" ಎಂದರೆ ಹೊಟ್ಟೆ ತೊಳಸುವುದೂ ಇರಬಹುದು, ಎದೆಯಲ್ಲಿ ಒತ್ತಿದಂತಾಗುವುದೂ ಇರಬಹುದು. ಮರಾಠಿ, ಹಿಂದಿಯವರ ಕಿವಿಗೆ ಸಂಕಟ ಎಂದರೆ ಆಪತ್ತು. ಮಗ ಅದನ್ನು 'ಗ್ಯಾಸ್' ಎಂದು ಅನುವಾದಿಸಿಬಿಟ್ಟರೆ ಅಸಿಸ್ಟೆಂಟ್ ಗ್ಯಾಸ್ ಎಂದೇ ಬರೆಯುತ್ತಾರೆ. ನೀವು ದುಭಾಷಿಯಾಗಿ ಹೋದರೆ ರೋಗದ ಹೆಸರು ಹೇಳಬೇಡಿ. ಎಲ್ಲಿ, ಯಾವಾಗಿನಿಂದ, ನಡೆದಾಗ ಹೆಚ್ಚಾಗುತ್ತದೆಯೇ, ಬೆವರು ಬರುತ್ತದೆಯೇ ಎಂದು ತಾಯಿಯನ್ನು ಕೇಳಿ, ಅವರ ಮಾತನ್ನೇ ದಾಟಿಸಿ. ಎದೆ ಒತ್ತಿದಂತಾಗಿ ಬೆವರುತ್ತಿದ್ದರೆ ಸಾಲಿನಲ್ಲಿ ಕೂರಬೇಡಿ, ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಅಸಿಸ್ಟೆಂಟ್ ಮಾಡಬಾರದ್ದು

ರೋಗ ಇಂಥದ್ದೇ ಎಂದು ತೀರ್ಮಾನಿಸುವುದು, ಡೋಸ್ ಬದಲಿಸುವುದು, ಹೊಸ ಮಾತ್ರೆ ಸೂಚಿಸುವುದು ಅವರ ಕೆಲಸವಲ್ಲ. ಫೋನಿನಲ್ಲಿ "ಎರಡು ಮಾತ್ರೆ ತೊಗೊಳ್ಳಿ" ಎಂದರೆ, ಡಾಕ್ಟರನ್ನು ಕೇಳಿ ಹೇಳುತ್ತಿದ್ದೀರಾ ಎಂದು ವಿಚಾರಿಸಿ, ಮಾತ್ರೆಯ ಹೆಸರು, ಡೋಸ್ ಬರೆದು ಕಳಿಸಲು ಹೇಳಿ. ಡಾಕ್ಟರ್ ತಮ್ಮದೇ ರೋಗಿಗಳಿಗೆ ಕ್ಲಿನಿಕ್ಕಿನಲ್ಲಿ ಔಷಧ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಕಾಂಪೌಂಡರ್ ಪೊಟ್ಟಣ ಕಟ್ಟಿ ಕೊಟ್ಟರೆ ಒಳಗಿನ ಮಾತ್ರೆಗಳ ಹೆಸರು ಬರೆಸಿಕೊಳ್ಳಿ. ಮೈಮೇಲೆ ದದ್ದು ಎದ್ದು ಬೇರೆ ಆಸ್ಪತ್ರೆಗೆ ಓಡಬೇಕಾದಾಗ ಅದು ಬೇಕಾಗುತ್ತದೆ. ಯಾರು ಏನು ಎಂದು ಗೊತ್ತಾಗದಿದ್ದರೆ "ನೀವು ಡಾಕ್ಟರಾ, ನರ್ಸಾ?" ಎಂದು ನೇರವಾಗಿ ಕೇಳಿ. ಒಳ್ಳೆಯ ಅಸಿಸ್ಟೆಂಟ್ ಇದಕ್ಕೆ ಬೇಸರಪಡುವುದಿಲ್ಲ.

ಡಿಸ್ಚಾರ್ಜ್ ದಿನ

ಡಿಸ್ಚಾರ್ಜ್ ಕಾಗದ ವಿವರಿಸಲು ಹೆಚ್ಚಾಗಿ ಬರುವವರೂ ಇವರೇ ಅಥವಾ ನರ್ಸ್. ಹಳೆಯ ಮಾತ್ರೆಗಳಲ್ಲಿ ಯಾವುದು ಮುಂದುವರಿಯಬೇಕು, ಯಾವುದು ಬೇಡ ಎಂದು ಒಂದೊಂದಾಗಿ ಕೇಳಿ. ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ತೋರಿಸಿ. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನದ್ದು. ಅದನ್ನು ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. "ಸೋಮವಾರ ಮಾತ್ರ ತಾನೆ?" ಎಂದು ಕೇಳಿ, ಹೌದೆಂದರೆ ಸ್ಟ್ರಿಪ್ ಮೇಲೆ ಅಲ್ಲೇ ಪೆನ್ನಿನಲ್ಲಿ ಕನ್ನಡದಲ್ಲಿ ಸೋಮವಾರ ಎಂದು ಬರೆದುಕೊಳ್ಳಿ.