ಮೃಗಪಕ್ಷಿಗಳ ಮಾತನ್ನು ಕಲಿತ ವೈದ್ಯ

ಮೃಗಪಕ್ಷಿಗಳಿಗೂ ಮನುಷ್ಯನಿಗೂ ಸಂಭಾಷಣೆ ನಡೆಯುವ ಕಥೆಗಳು ಎರಡು ಬಗೆಯವು. ಮೊದಲನೆಯ ಬಗೆಯಲ್ಲಿ ಪ್ರಾಣಿಗಳು ಮನುಷ್ಯರ ಮಾತನ್ನಾಡುತ್ತವೆ. ಪಂಚತಂತ್ರದ ಕರಟಕ ದಮನಕರು ಹೆಸರಿಗೆ ನರಿಗಳು. ಅವರ ನೀತಿಯೂ ಕುಟಿಲವೂ ರಾಜಸಭೆಗೆ ಸೇರಿದುವು. ಎರಡನೆಯ ಬಗೆಯಲ್ಲಿ ಮನುಷ್ಯನೇ ಪ್ರಾಣಿಗಳ ಮಾತನ್ನು ಅರಿಯುತ್ತಾನೆ. ವಾಲ್ಮೀಕಿರಾಮಾಯಣದ ಅಯೋಧ್ಯಾಕಾಂಡದಲ್ಲಿ ಸುಮಂತ್ರನು ಕೈಕೇಯಿಯನ್ನು ನಿಂದಿಸುತ್ತ, ಅವಳ ತಂದೆಯಾದ ಕೇಕಯರಾಜನಿಗೆ ಸಕಲ ಪ್ರಾಣಿಗಳ ದನಿಯೂ ವರಬಲದಿಂದ ತಿಳಿಯುತ್ತಿದ್ದಿತೆಂದು ಹೇಳುವನಷ್ಟೆ. ಆದರೆ ಕೇಳಿದುದನ್ನು ಹೊರಗೆಡಹಿದರೆ ಆ ರಾಜನಿಗೆ ಮರಣವು ನಿಶ್ಚಿತವಾಗಿದ್ದಿತು. ಪಶುಭಾಷೆಯನ್ನು ಬಲ್ಲವನು ಅದರಿಂದ ಪಶುಗಳಿಗೆ ಉಪಕಾರಮಾಡಿದನೆಂಬ ಮಾತು ಆ ಕಥೆಯಲ್ಲಿ ಬರುವುದಿಲ್ಲ.

ಈ ಎರಡನೆಯ ಬಗೆಗೆ ಸೇರಿದ ಆಂಗ್ಲ ಕಥೆಯೊಂದು ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಹುಟ್ಟಿ, 1920ರಲ್ಲಿ ಪುಸ್ತಕವಾಗಿ, 1967ರಲ್ಲಿ 'ಡಾಕ್ಟರ್ ಡೂಲಿಟಲ್' ಎಂಬ ಸಂಗೀತಪ್ರಧಾನವಾದ ವಾಕ್ಚಿತ್ರವಾಗಿ ಲೋಕಪ್ರಸಿದ್ಧವಾಯಿತು. ಅದರ ಚರಿತ್ರೆಯು ವಿನೋದಕರವಾದುದು. ವಿನೋದದ ಹಿಂದೆ ವಿಚಾರಕ್ಕೂ ಆಸ್ಪದವುಂಟು.

ಕಥೆಯ ಕರ್ತೃವಾದ ಹ್ಯೂ ಲಾಫ್ಟಿಂಗನು 1886ರಲ್ಲಿ ಇಂಗ್ಲೆಂಡಿನ ಮೇಡನ್‌ಹೆಡ್ ಎಂಬ ಊರಿನಲ್ಲಿ ಜನಿಸಿದನು. ವೃತ್ತಿಯಿಂದ ಅವನು ಇಂಜಿನಿಯರು. ಕೆನಡಾ, ಪಶ್ಚಿಮ ಆಫ್ರಿಕ, ಕ್ಯೂಬಾ ಮೊದಲಾದ ಕಡೆಗಳಲ್ಲಿ ಕೆಲಸಮಾಡಿ 1912ರಲ್ಲಿ ನ್ಯೂಯಾರ್ಕಿನಲ್ಲಿ ನೆಲಸಿದನು. ಯುದ್ಧವು ಮೊದಲಾದಮೇಲೆ ಐರಿಷ್ ಗಾರ್ಡ್ಸ್ ದಳವನ್ನು ಸೇರಿ ಫ್ರಾನ್ಸ್, ಫ್ಲಾಂಡರ್ಸುಗಳ ರಣರಂಗಕ್ಕೆ ಹೋದನು. ಮನೆಯಲ್ಲಿದ್ದ ಇಬ್ಬರು ಎಳೆಯ ಮಕ್ಕಳು ತಂದೆಯ ಕಾಗದಕ್ಕಾಗಿ ಕಾದಿರುತ್ತಿದ್ದರು. ರಣರಂಗದ ಸಂಗತಿಗಳೋ ಮಕ್ಕಳಿಗೆ ಬರೆಯುವಂತಹವಾಗಿರಲಿಲ್ಲ. ಆಗ ಅವನ ಕಣ್ಣು ಸೈನ್ಯದ ಕುದುರೆಗಳ ಮೇಲೆ ಬಿದ್ದಿತು. ಮನುಷ್ಯರಂತೆಯೇ ಅವೂ ಗುಂಡಿನ ಬಾಯಿಗೆ ಒಡ್ಡಿಕೊಳ್ಳುತ್ತಿದ್ದುವು. ಆದರೆ ಸಿಪಾಯಿಗೆ ಪೆಟ್ಟು ಬಿದ್ದರೆ ಆಸ್ಪತ್ರೆ, ಶಸ್ತ್ರವೈದ್ಯ, ಶುಶ್ರೂಷೆ ಎಲ್ಲವೂ ಇದ್ದುವು. ಕುದುರೆಗೆ ಭಾರಿ ಪೆಟ್ಟು ಬಿದ್ದರೆ ಒಂದು ಗುಂಡಿನಿಂದ ಅದರ ಕಥೆ ಮುಗಿಯುತ್ತಿದ್ದಿತು. ಇದು ನ್ಯಾಯವಲ್ಲವೆಂದು ಲಾಫ್ಟಿಂಗನಿಗೆ ತೋರಿತು. ಕುದುರೆಗೂ ಮನುಷ್ಯನಿಗೆ ಸಮನಾದ ಚಿಕಿತ್ಸೆಯು ದೊರೆಯಬೇಕಾದರೆ ಅದರ ನೋವನ್ನು ಅದರಿಂದಲೇ ಕೇಳಿ ತಿಳಿಯಬೇಕು. ಹಾಗೆ ಕೇಳುವುದಕ್ಕೆ ವೈದ್ಯನಿಗೆ ಕುದುರೆಯ ಭಾಷೆ ಬರಬೇಕು. ಈ ಆಲೋಚನೆಯೇ ಕಥೆಗೆ ಬೀಜವಾಯಿತೆಂದು ಅವನೇ ಮುಂದೆ ತಿಳಿಸಿರುತ್ತಾನೆ. ಚಿತ್ರಗಳನ್ನೂ ಬರೆದು ಸೇರಿಸಿ ಅವನು ಮಕ್ಕಳಿಗೆ ಕಳುಹಿದ ಓಲೆಗಳು, ಅವನು ಗಾಯಗೊಂಡು ಹಿಂದಿರುಗಿದಮೇಲೆ ಪುಸ್ತಕರೂಪವನ್ನು ತಾಳಿದುವು.

ಆ ಪುಸ್ತಕದಲ್ಲಿ ಜಾನ್ ಡೂಲಿಟಲ್ ಎಂಬ ವೈದ್ಯನು ಪಡಲ್‌ಬಿ ಎಂಬ ಕಲ್ಪಿತ ಗ್ರಾಮದಲ್ಲಿ ವಾಸಿಸುತ್ತಾನೆ. ಮನೆಯ ತುಂಬ ಪ್ರಾಣಿಗಳನ್ನು ಸಾಕಿದುದರಿಂದ ರೋಗಿಗಳು ಬರುವುದನ್ನು ಬಿಡುತ್ತಾರೆ. ಪಾಲಿನೇಷಿಯಾ ಎಂಬ ಮುದಿ ಹೆಣ್ಣುಗಿಳಿಯು ಅವನಿಗೆ ಗುರುವಾಗುತ್ತದೆ. ಪ್ರಾಣಿಗಳು ಬಾಯಿಯಿಂದ ಮಾತ್ರವೇ ಮಾತನಾಡುವುದಿಲ್ಲ, ಕಿವಿ ಮೂಗು ಬಾಲಗಳಿಂದಲೂ ಮಾತನಾಡುತ್ತವೆಂಬುದು ಅವಳ ಪಾಠಗಳಲ್ಲೊಂದು. ಶಿಷ್ಯನು ಪುಸ್ತಕವನ್ನು ಹಿಡಿದು ಅಕ್ಷರಾಭ್ಯಾಸಮಾಡುವ ಬಾಲಕನಂತೆ ಆ ಸಂಜ್ಞೆಗಳನ್ನು ಗುರುತುಹಾಕಿಕೊಂಡು ಕಲಿಯುತ್ತಾನೆ. ವಿದ್ಯೆಯು ಫಲಿಸಿದಮೇಲೆ ಉಳುಮೆಯ ಕುದುರೆಯೊಂದು ಅವನ ಬಳಿಗೆ ಬರುತ್ತದೆ. ಬೇರೊಬ್ಬ ಪಶುವೈದ್ಯನು ಅದರ ಕಾಲಿಗೆ ಬೇನೆಯಿದೆಯೆಂದು ಬಹುದಿನ ಔಷಧವನ್ನು ಹಾಕಿದ್ದನು. ಕುದುರೆಗೆ ಕಾಲುನೋವೇ ಇರಲಿಲ್ಲ. ಅದಕ್ಕೆ ಬೇಕಾಗಿದ್ದುದು ಕನ್ನಡಕ! ಮಕ್ಕಳು ನಕ್ಕು ಹಿಗ್ಗುವ ಈ ಪ್ರಸಂಗದಲ್ಲಿ ಗ್ರಂಥದ ಸಾರವೆಲ್ಲವೂ ಅಡಗಿದೆ.

1922ರಲ್ಲಿ ಹೊರಬಿದ್ದ ಎರಡನೆಯ ಪುಸ್ತಕಕ್ಕೆ ಮರುವರ್ಷ ಅಮೆರಿಕದ ನ್ಯೂಬೆರಿ ಪದಕವು ಬಂದಿತು. ಜರ್ಮನಿಯ ಲಾಟೆ ರೈನಿಗರ್ ಎಂಬಾಕೆಯು 1928ರಲ್ಲಿ ಈ ಕಥೆಯನ್ನು ನೆರಳುಬೊಂಬೆಗಳ ಮೂಕಚಿತ್ರವಾಗಿ ರಚಿಸಿದಳು. ಲಾಫ್ಟಿಂಗನು ಕಡೆಯವರೆಗೂ ಯುದ್ಧದ್ವೇಷಿಯಾಗಿಯೇ ಉಳಿದನು. ಎರಡನೆಯ ಮಹಾಯುದ್ಧದ ನಡುವೆ 1942ರಲ್ಲಿ ಯುದ್ಧವನ್ನು ಖಂಡಿಸುವ ದೀರ್ಘಕವನವೊಂದನ್ನು ಪ್ರಕಟಿಸಿ, 1947ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡನು.

ಇಷ್ಟು ಕರುಣಾಳುವಾದ ಗ್ರಂಥಕರ್ತನ ಕಿವಿಯೂ ಒಂದು ಕಡೆ ಮಂದವಾಗಿದ್ದಿತೆಂಬುದನ್ನು ಮರೆಮಾಡಬಾರದು. ಮೊದಲನೆಯ ಪುಸ್ತಕದಲ್ಲಿ ಬಂಪೊ ಎಂಬ ಆಫ್ರಿಕದ ರಾಜಕುಮಾರನು ತನ್ನ ಮುಖವು ಬೆಳ್ಳಗಾಗಬೇಕೆಂದು ಹಂಬಲಿಸುತ್ತಾನೆ. ಅದೇ ಅಲ್ಲಿ ಪರಿಹಾಸದ ವಸ್ತು. ಹಂದಿ ಬಾತುಗಳ ಮನಸ್ಸನ್ನು ಹೊಕ್ಕು ನೋಡಿದವನಿಗೆ ಕಪ್ಪು ಮನುಷ್ಯನ ಮನಸ್ಸು ತಿಳಿಯದೆಹೋಯಿತು. 1988ರ ಆವೃತ್ತಿಯಲ್ಲಿ ಇಂತಹ ಭಾಗಗಳನ್ನು ತೆಗೆದುಹಾಕಿ ತಿದ್ದಿರುತ್ತಾರೆ.

ಇನ್ನು ವಾಕ್ಚಿತ್ರದ ವಿಚಾರ. 1965ರಲ್ಲಿ 'ದಿ ಸೌಂಡ್ ಆಫ್ ಮ್ಯೂಸಿಕ್' ಚಿತ್ರದಿಂದ ಅಪಾರ ಧನವನ್ನು ಗಳಿಸಿದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯು, ಮನೆಮಂದಿಯೆಲ್ಲ ಕುಳಿತು ನೋಡತಕ್ಕ ಮತ್ತೊಂದು ಗೀತಚಿತ್ರಕ್ಕಾಗಿ ಹಾತೊರೆಯುತ್ತಿದ್ದಿತು. ನಿರ್ಮಾಪಕನು ಆರ್ಥರ್ ಜೇಕಬ್ಸ್. ನಿರ್ದೇಶಕನು ರಿಚರ್ಡ್ ಫ್ಲೈಷರ್. ಕಥಾರಚನೆಗೆ ಮೊದಲು ಗೊತ್ತಾಗಿದ್ದ ಅಲನ್ ಜೇ ಲರ್ನರನು ಕೆಲಸವನ್ನು ಮುಂದೂಡುತ್ತಲೇ ಬಂದುದರಿಂದ, ಲೆಸ್ಲಿ ಬ್ರಿಕಸ್ಸನು ಆ ಸ್ಥಾನಕ್ಕೆ ಬಂದು ಚಿತ್ರಕಥೆ, ಗೀತ, ಸಂಗೀತ ಮೂರನ್ನೂ ರಚಿಸಿದನು. ವೈದ್ಯನ ಪಾತ್ರವು ರೆಕ್ಸ್ ಹ್ಯಾರಿಸನ್ನನದು. ಇಲ್ಲಿ ಒಂದು ಸ್ವಾರಸ್ಯವುಂಟು. ಹ್ಯಾರಿಸನ್ನನು 1964ರ 'ಮೈ ಫೇರ್ ಲೇಡಿ' ಚಿತ್ರದಲ್ಲಿ, ಹೂಮಾರುವ ಹುಡುಗಿಗೆ ದೊಡ್ಡಮನುಷ್ಯರ ಉಚ್ಚಾರಣೆಯನ್ನು ಕಲಿಸುವ ಧ್ವನಿಶಾಸ್ತ್ರಜ್ಞನಾಗಿ ಅಭಿನಯಿಸಿ ಅಕಾಡೆಮಿ ಬಹುಮಾನವನ್ನು ಪಡೆದಿದ್ದನು. ಅಲ್ಲಿ ತನ್ನ ನುಡಿಯನ್ನು ಪರರ ಮೇಲೆ ಹೇರಿದ ಗುರುವು ಇಲ್ಲಿ ಗಿಳಿಯ ಮುಂದೆ ಶಿಷ್ಯನಾಗಿ ಕುಳಿತನು.

ಚಿತ್ರದ ತಿರುಳಾದ 'ಟಾಕ್ ಟು ದಿ ಅನಿಮಲ್ಸ್' ಎಂಬ ಹಾಡು ಈ ವಿದ್ಯೆಯ ಸಂತೋಷವನ್ನು ವರ್ಣಿಸುತ್ತದೆ. ಕಥೆಯ ತೂಕವಾದ ಭಾಗವು ನ್ಯಾಯಸ್ಥಾನದಲ್ಲಿ ನಡೆಯುತ್ತದೆ. ಗಂಡನನ್ನು ಅಗಲಿ ಕೊರಗುತ್ತಿದ್ದ ಸೋಫಿ ಎಂಬ ಕಡಲನಾಯಿಗೆ ಹೆಂಗಸಿನ ಉಡುಪನ್ನು ತೊಡಿಸಿ, ವೈದ್ಯನು ಅದನ್ನು ಸಮುದ್ರಕ್ಕೆ ಬಿಟ್ಟುಬಿಡುತ್ತಾನೆ. ನೋಡಿದವರು ಹೆಂಗಸೊಬ್ಬಳನ್ನು ಕೊಂದನೆಂದು ದೂರುತ್ತಾರೆ. ವಿಚಾರಣೆಯಲ್ಲಿ ಅವನು ನ್ಯಾಯಾಧಿಪತಿಯ ನಾಯಿಯೊಡನೆಯೇ ಮಾತನಾಡಿ ತನ್ನ ವಿದ್ಯೆಯನ್ನು ಸಿದ್ಧಪಡಿಸುತ್ತಾನೆ. ಕೊಲೆಯ ಆರೋಪವೇನೋ ಬಿದ್ದುಹೋಗುತ್ತದೆ. ಆದರೆ ನ್ಯಾಯಾಧಿಪತಿಯು ಅವನನ್ನು ಹುಚ್ಚರಾಸ್ಪತ್ರೆಗೆ ಕಳುಹಿಸಲು ಆಜ್ಞೆಮಾಡುತ್ತಾನೆ. ಲಾಫ್ಟಿಂಗನ ಎರಡನೆಯ ಪುಸ್ತಕದಲ್ಲಿಯೂ ನಾಯಿಯ ಮಾತು ನ್ಯಾಯಸ್ಥಾನಕ್ಕೆ ಬರುತ್ತದೆ. ಅಲ್ಲಿ ನಾಯಿಯ ಸಾಕ್ಷ್ಯವನ್ನು ಅಂಗೀಕರಿಸಿ ನಿರಪರಾಧಿಯೊಬ್ಬನನ್ನು ಬಿಡುಗಡೆಮಾಡುತ್ತಾರೆ. ಮೂಕಪ್ರಾಣಿಯ ಮಾತನ್ನು ಲೋಕವು ಕೇಳೀತೆಂದು ಪುಸ್ತಕವು ನಂಬಿದ್ದಿತು. ಕೇಳಿದವನನ್ನೇ ಹುಚ್ಚನೆಂದೀತೆಂದು ಚಿತ್ರವು ಭಾವಿಸಿತು.

ಚಿತ್ರವನ್ನು ತೆಗೆದ ಬಗೆಯು ಕಥೆಯ ಧರ್ಮಕ್ಕೆ ತೀರ ವಿಪರೀತವಾಯಿತು. 1966ರ ಬೇಸಗೆಯಲ್ಲಿ ವಿಲ್ಟ್‌ಷೈರಿನ ಕಾಸಲ್ ಕೂಂಬ್ ಎಂಬ ಹಳೆಯ ಗ್ರಾಮವನ್ನು ಪಡಲ್‌ಬಿಯನ್ನಾಗಿ ಮಾರ್ಪಡಿಸಿದರು. ಹೊಳೆಗೆ ಅಡ್ಡಲಾಗಿ ಕಟ್ಟೆಯನ್ನು ಹಾಕಿದರು. ಇದರಿಂದ ಕೆರಳಿದ ರಾನಲ್ಫ್ ಫೈನ್ಸ್ ಎಂಬ ತರುಣ ಸೈನ್ಯಾಧಿಕಾರಿಯು ಕಟ್ಟೆಯನ್ನು ಸಿಡಿಸಲು ಹವಣಿಸಿ ಸಿಕ್ಕಿಬಿದ್ದು, ದಂಡವನ್ನು ತೆತ್ತು, ತನ್ನ ವಿಶೇಷದಳದಿಂದ ಹೊರಬಿದ್ದನು. ಮುಂದೆ ಧ್ರುವಪ್ರದೇಶಗಳ ಯಾತ್ರಿಕನೆಂದು ಕೀರ್ತಿಯನ್ನು ಪಡೆದನು. ಮಳೆಯು ಬಿಡದೆ ಸುರಿಯಿತು. ಕ್ಯಾಲಿಫೋರ್ನಿಯಾದಲ್ಲಿ ಪಳಗಿಸಿದ ಪ್ರಾಣಿಗಳನ್ನು ಇಂಗ್ಲೆಂಡಿನೊಳಕ್ಕೆ ತರಲು ರೋಗನಿರ್ಬಂಧದ ಕಾನೂನು ಅಡ್ಡಿಯಾದುದರಿಂದ, ಅಲ್ಲಿಯೇ ಬೇರೆ ಪ್ರಾಣಿಗಳನ್ನು ತಂದು ಮೊದಲಿನಿಂದ ಪಳಗಿಸಬೇಕಾಯಿತು. ಪ್ರಾಣಿಗಳು ಹ್ಯಾರಿಸನ್ನನನ್ನು ಹಲವು ಸಲ ಕಚ್ಚಿದುವು. ಚಿತ್ರೀಕರಣವನ್ನು ನಿಲ್ಲಿಸಲು ನಿರ್ದೇಶಕನು ಕೂಗುವ 'ಕಟ್' ಎಂಬ ಮಾತನ್ನು ಗಿಳಿಯೊಂದು ಕಲಿತುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿ ಕೆಲಸವನ್ನು ಕೆಡಿಸುತ್ತಿದ್ದಿತೆಂದು ಹೇಳುತ್ತಾರೆ. ಕಥೆಯಲ್ಲಿ ಮನುಷ್ಯನು ಗಿಳಿಯಿಂದ ಭಾಷೆಯನ್ನು ಕಲಿತರೆ, ಕಥೆಯನ್ನು ಚಿತ್ರಿಸಿದ ಸ್ಥಳದಲ್ಲಿ ಗಿಳಿಯು ಮನುಷ್ಯನ ಆಜ್ಞೆಯನ್ನು ಕಲಿಯಿತು!

ತರುವಾಯ ಪರಿವಾರವು ವೆಸ್ಟ್ ಇಂಡೀಸಿನ ಸೇಂಟ್ ಲೂಷಿಯಾ ದ್ವೀಪಕ್ಕೆ ತೆರಳಿತು. ಕಥೆಯಲ್ಲಿ ಬರುವ ದೊಡ್ಡ ಗುಲಾಬಿ ಬಣ್ಣದ ಸಮುದ್ರಶಂಬೂಕದ ಆಕೃತಿಯನ್ನು ಅಲ್ಲಿ ನಿಲ್ಲಿಸಿದಾಗ, ದ್ವೀಪದ ಮಕ್ಕಳು ಅದಕ್ಕೆ ಕಲ್ಲೆಸೆದರಂತೆ. ಸಿಹಿನೀರಿನ ಬಸವನಹುಳುಗಳಿಂದ ಹರಡುವ ರೋಗದಿಂದ ಆ ಮಕ್ಕಳು ನರಳಿದ್ದರು. ಪರದೇಶದ ಮಕ್ಕಳಿಗೆ ಸೊಗಸಿನ ಬೊಂಬೆಯಾದುದು ಇವರಿಗೆ ವೈರಿಯ ಮೂರ್ತಿಯಾಗಿ ಕಂಡಿತು. ಪಶುಗಳೊಡನೆ ಮಾತನಾಡುವ ವೈದ್ಯನ ಕಥೆಯನ್ನು ಚಿತ್ರಿಸಲು ಬಂದವರು ಆ ಊರಿನ ಮನುಷ್ಯರನ್ನೇ ಮೊದಲು ಮಾತನಾಡಿಸಿದ್ದರೆ ಈ ಪ್ರಮಾದವು ಒದಗುತ್ತಿರಲಿಲ್ಲ. ಬಂಪೊವಿನ ಪಾತ್ರಕ್ಕೆ ಸುಪ್ರಸಿದ್ಧ ನಟನಾದ ಸಿಡ್ನಿ ಪಾಯ್ಟಿಯೆಯನ್ನು ಗೊತ್ತುಮಾಡಿ, ಖರ್ಚನ್ನು ಕಡಮೆಮಾಡುವುದಕ್ಕಾಗಿ ಆ ಪಾತ್ರವನ್ನೇ ಕೈಬಿಟ್ಟುದೂ ಉಂಟು.

ಸುಮಾರು 60 ಲಕ್ಷ ಡಾಲರುಗಳೆಂದು ಮೊದಲು ಅಂದಾಜುಮಾಡಿದ್ದ ವೆಚ್ಚವು ಸುಮಾರು 1 ಕೋಟಿ 70 ಲಕ್ಷಕ್ಕೆ ಏರಿತು. 1967ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಚಿತ್ರವು ಹಾಕಿದ ಹಣವನ್ನು ಹಿಂದಕ್ಕೆ ತರಲಿಲ್ಲ. ಅಕಾಡೆಮಿ ಬಹುಮಾನಗಳಿಗೆ 9 ವಿಭಾಗಗಳಲ್ಲಿ ಸೂಚಿತವಾಗಿ, 1968ರ ಏಪ್ರಿಲಿನಲ್ಲಿ ಎರಡನ್ನು ಮಾತ್ರ, ಹಾಡಿಗೊಂದು, ದೃಶ್ಯಚಮತ್ಕಾರಕ್ಕೊಂದು, ಪಡೆಯಿತು. ಆದರೂ ಆ ಹಾಡು ನಿಂತಿತು. ಮಕ್ಕಳ ಬಾಯಲ್ಲಿ ಬಾಳಿತು. 1998ರಲ್ಲಿ ಲಂಡನ್ನಿನ ರಂಗಭೂಮಿಯಲ್ಲಿಯೂ ಕೇಳಿಸಿತು.

ಅದೇ 1998ರಲ್ಲಿ ಎಡ್ಡಿ ಮರ್ಫಿಯು ನಾಯಕನಾದ ಹೊಸ ಚಿತ್ರವೂ, 2020ರಲ್ಲಿ ರಾಬರ್ಟ್ ಡೌನಿಯು ನಾಯಕನಾದ ಮತ್ತೊಂದೂ ಬಂದುವು. ಮರ್ಫಿಯ ಚಿತ್ರದಲ್ಲಿ ಪ್ರಾಣಿಗಳು ನಟರ ಕಂಠದಿಂದ ಅಚ್ಚ ಅಮೆರಿಕದ ಇಂಗ್ಲಿಷನ್ನು ಆಡಿದುವು. 2020ರ ಚಿತ್ರದ ಪ್ರಾಣಿಗಳಾದರೋ ಗಣಕಯಂತ್ರವು ರಚಿಸಿದ ಆಕೃತಿಗಳು. ಹೀಗೆ ಕಥೆಯು ತಿರುಗಿ ಕರಟಕ ದಮನಕರ ಬಗೆಗೆ ಬಂದು ನಿಂತಿತು. ಬೆದರಿಕೆಗೂ ಶಿಕ್ಷೆಗೂ ಪಕ್ಕಾಗದೆ ನಿಜವಾದ ಪ್ರಾಣಿಗಳು ತಪ್ಪಿಸಿಕೊಂಡುವೆಂಬುದು ಸಮಾಧಾನಕರವೇ ಸರಿ. ಆದರೆ ಮನುಷ್ಯನು ಕಷ್ಟಪಟ್ಟು ಕಲಿಯಬೇಕಾದ ಪಾಠವೂ ಅವುಗಳೊಡನೆಯೇ ಮರೆಯಾಯಿತು.

ಗಾಯಗೊಂಡ ಕುದುರೆಗೆ ಎಲ್ಲಿ ನೋಯುತ್ತಿದೆಯೆಂದು ಕೇಳುವವರಿಲ್ಲದ ರಣರಂಗದಲ್ಲಿ ಒಬ್ಬ ಸಿಪಾಯಿಯು ಕೇಳಿದ ಪ್ರಶ್ನೆಯಿಂದ ಇಷ್ಟೆಲ್ಲವೂ ಬೆಳೆಯಿತು. ಪಶುವಿನ ಮಾತನ್ನು ಬಲ್ಲ ಕೇಕಯರಾಜನು ತನ್ನ ಪ್ರಾಣವನ್ನು ಉಳಿಸಿಕೊಳ್ಳುವುದಕ್ಕಾಗಿ ಮೌನದಿಂದಿರಬೇಕಾಯಿತು. ಡೂಲಿಟಲನು ತಾನು ಕೇಳಿದುದನ್ನು ನ್ಯಾಯಸ್ಥಾನದಲ್ಲಿ ಹೇಳಿ ಹುಚ್ಚನೆನಿಸಿಕೊಂಡನು. ಮನೆಯಲ್ಲಿ ಮಕ್ಕಳಿಗೆ ಈ ಕಥೆಯನ್ನು ಹೇಳುವ ಹಿರಿಯರು ಹಾರುವ ಪತಂಗವನ್ನೂ ಎರಡು ತಲೆಯ ಮೃಗವನ್ನೂ ವರ್ಣಿಸಿ ನಗಿಸಿದಮೇಲೆ, ಕನ್ನಡಕವಿಲ್ಲದೆ ಕಾಲಿಗೆ ಔಷಧವನ್ನು ಹಚ್ಚಿಸಿಕೊಂಡು ನಿಂತಿದ್ದ ಆ ಕುದುರೆಯ ಪ್ರಸಂಗವನ್ನೂ ತಪ್ಪದೆ ಹೇಳುವುದು ಒಳಿತು.