ಬಸಳೆ ಬಿಸಿಲು ತಡೆಯುತ್ತದೆ, ಬಾಯಾರಿಕೆ ತಡೆಯುವುದಿಲ್ಲ

ಮಾರ್ಚ್ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಿತ್ತಲಲ್ಲಿ ಕೊತ್ತಂಬರಿ, ಮೆಂತ್ಯ, ಪಾಲಕ್ ಬೇಗ ಹೂವೆತ್ತಿ ಮುಗಿಯುತ್ತವೆ. ಬೇಸಿಗೆಯಲ್ಲೂ ಮನೆಗೆ ಸೊಪ್ಪು ಕೊಡಬಲ್ಲ ಬಳ್ಳಿ ಬಸಳೆ. ಆದರೆ ಅದರ ಬಗ್ಗೆ ಎರಡು ತಪ್ಪು ಕಲ್ಪನೆಗಳಿವೆ.

"ಬಸಳೆ ಕರಾವಳಿಯಲ್ಲಿ ಮಾತ್ರ ಬೆಳೆಯುತ್ತದೆ"

ನಿಜವಲ್ಲ. ಬಸಳೆ ಉಷ್ಣವಲಯದ ಸಸ್ಯ, ಅದು ಹೆದರುವುದು ಚಳಿಗೆ. ಬಯಲುಸೀಮೆಯ ಕೆಂಪು ಮಣ್ಣಿಗೆ ಧಾರಾಳವಾಗಿ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಇಲ್ಲೂ ಚೆನ್ನಾಗಿ ಹಬ್ಬುತ್ತದೆ.

"ಬಿಸಿಲು ತಡೆಯುವ ಗಿಡಕ್ಕೆ ನೀರು ಹೆಚ್ಚು ಬೇಡ"

ಹೆಚ್ಚಿನವರು ಸೋಲುವುದು ಇಲ್ಲೇ. ದಪ್ಪ ಎಲೆಯಲ್ಲಿ ಲೋಳೆಯಿದ್ದರೂ ಬಸಳೆ ಕಳ್ಳಿಯಲ್ಲ. ಮಣ್ಣು ಪದೇ ಪದೇ ಒಣಗಿದರೆ ಬಳ್ಳಿ ಬೇಗ ಹೂ ಬಿಡುತ್ತದೆ, ಎಲೆ ಚಿಕ್ಕದಾಗಿ ಕಹಿಯಾಗುತ್ತದೆ. ಕರಾವಳಿಯವರು ಬಚ್ಚಲ ಪಕ್ಕ, ಬಾವಿಕಟ್ಟೆಯ ಬಳಿ ಚಪ್ಪರ ಹಾಕುವುದು ಸುಮ್ಮನೆ ಅಲ್ಲ. ನೀರಿನ ಕೊರತೆಯ ನಮ್ಮ ಊರುಗಳಲ್ಲಿ ಅಕ್ಕಿ, ತರಕಾರಿ ತೊಳೆದ ನೀರನ್ನು ಬುಡಕ್ಕೆ ಹಾಕಬಹುದು. ಸೋಪು, ಡಿಟರ್ಜೆಂಟ್ ಬೆರೆತ ನೀರು ಬೇಡ.

ಬೆಳೆಸುವುದು ಹೇಗೆ?

- ಮೂರ್ನಾಲ್ಕು ಗೆಣ್ಣುಗಳಿರುವ ಬಲಿತ ಕಾಂಡದ ತುಂಡು ತಂದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಗೆಣ್ಣಿನಲ್ಲೇ ಬೇರೊಡೆಯುತ್ತದೆ.
- ಬೀಜವಾದರೆ ಒಂದು ರಾತ್ರಿ ನೆನೆಸಿ. ಮೊಳಕೆಗೆ ಒಂದರಿಂದ ಮೂರು ವಾರ ಬೇಕಾಗಬಹುದು.
- ಗಿಡಗಳ ನಡುವೆ ಸುಮಾರು 30 ಸೆಂ.ಮೀ. ಅಂತರವಿರಲಿ. ಐದಾರು ಅಡಿಯ ಚಪ್ಪರ ಅಥವಾ ಬೇಲಿ ಸಾಕು.
- ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ನೆರಳು ಕೊಡಿ. ಬುಡಕ್ಕೆ ಒಣ ಹುಲ್ಲು, ತರಗೆಲೆ ಹೊದಿಸಿದರೆ ತೇವ ಉಳಿಯುತ್ತದೆ.
- ನೀರನ್ನು ಎಲೆಯ ಮೇಲಲ್ಲ, ಬುಡಕ್ಕೆ ಹಾಕಿ. ಒದ್ದೆ ಎಲೆಯಲ್ಲಿ ಶಿಲೀಂಧ್ರದ ಕೆಂಪು ಚುಕ್ಕೆ ರೋಗ ಬೇಗ ಹರಡುತ್ತದೆ.
- ಆರೆಂಟು ವಾರಕ್ಕೆ ಕುಡಿ ಚಿವುಟಲು ಶುರುಮಾಡಿ. ಚಿವುಟಿದಷ್ಟೂ ಕವಲೊಡೆಯುತ್ತದೆ.

ಯಾರು ಎಚ್ಚರ ವಹಿಸಬೇಕು?

ಬಸಳೆಯಲ್ಲಿ ಎ ಜೀವಸತ್ವಕ್ಕೆ ಬೇಕಾದ ಅಂಶ ಮತ್ತು ಸಿ ಜೀವಸತ್ವ ಇವೆ, ಜೊತೆಗೆ ಆಕ್ಸಲೇಟ್ ಕೂಡ ಇದೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆದವರು ವೈದ್ಯರನ್ನು ಕೇಳಿ ತಿನ್ನಬೇಕು. ಆರೋಗ್ಯವಂತರು ಸಾಮಾನ್ಯವಾಗಿ ಆತಂಕಪಡಬೇಕಿಲ್ಲ. ಕೆಂಪು ದಂಟಿನ ಬಸಳೆಯೂ ವಿಷವಲ್ಲ, ಅದು ಇದೇ ಸಸ್ಯದ ಇನ್ನೊಂದು ಬಗೆ.

ಒಟ್ಟಿನಲ್ಲಿ, ನಮ್ಮ ಬಿಸಿಲು ಬಸಳೆಗೆ ಅಡ್ಡಿಯಲ್ಲ. ದಿನಕ್ಕೊಂದು ಕೊಡ ಪಾತ್ರೆ ತೊಳೆಯದ, ಸೋಪಿಲ್ಲದ ಅಡುಗೆಮನೆಯ ನೀರು ಸಿಕ್ಕರೆ ಒಂದೆರಡು ಬಳ್ಳಿ ಬೇಸಿಗೆ ದಾಟುತ್ತವೆ.