ಮಧುಮೇಹವುಳ್ಳವರಿಗಾಗಿ ಯುಗಾದಿಯ ಒಬ್ಬಟ್ಟಿನ ಸಾರು

ಬೆಂಗಳೂರು ನಗರ ಜಿಲ್ಲೆಯ ಚಿಕ್ಕಜಾಲ ಸೇರಿದಂತೆ ಹಳೆ ಮೈಸೂರು ಭಾಗದಲ್ಲಿ ಯುಗಾದಿಯಂದು ಒಬ್ಬಟ್ಟಿನೊಡನೆ ಅದರ ಸಾರನ್ನೂ ಮಾಡುವುದು ರೂಢಿ. ಬೇಳೆ ಬೇಯಿಸಿ ಬಸಿದ ಕಟ್ಟಿಗೆ ಬೆಲ್ಲ ಬೆರೆತ ಹೂರಣವನ್ನು ಕದಡಿ ಈ ಸಾರನ್ನು ತಯಾರಿಸಲಾಗುತ್ತದೆ. ಆದ್ದರಿಂದ ಮಧುಮೇಹವುಳ್ಳವರು ಒಬ್ಬಟ್ಟನ್ನು ತ್ಯಜಿಸಿದರೂ ಸಾರಿನ ಮೂಲಕ ಬೆಲ್ಲ ಸೇವಿಸಿದಂತಾಗುತ್ತದೆ. ಬೆಲ್ಲವೂ ಸಕ್ಕರೆಯಂತೆಯೇ ರಕ್ತದ ಗ್ಲೂಕೋಸ್ ಪ್ರಮಾಣವನ್ನು ಏರಿಸುತ್ತದೆ.

ತಯಾರಿಸುವ ವಿಧಾನ (ನಾಲ್ವರಿಗೆ)

1. ಬೇಳೆಗೆ ಬೆಲ್ಲ ಹಾಕುವ ಮೊದಲೇ 4 ಲೋಟ ಕಟ್ಟನ್ನೂ ಅರ್ಧ ಬಟ್ಟಲು ಬೆಂದ ಬೇಳೆಯನ್ನೂ ತೆಗೆದಿರಿಸುವುದು.
2. ಹೂರಣದ ಬದಲು ಈ ಬೇಳೆಯನ್ನು ತಲಾ 2 ಚಮಚ ತೆಂಗಿನ ತುರಿ ಮತ್ತು ಸಾರಿನ ಪುಡಿಯೊಂದಿಗೆ ರುಬ್ಬುವುದು.
3. ಕಟ್ಟಿಗೆ ರುಬ್ಬಿದ ಮಿಶ್ರಣ, ಉಪ್ಪು, ಹುಣಸೆ ರಸ ಸೇರಿಸಿ ಕುದಿಸುವುದು. ಸಿಹಿಯಿಲ್ಲದ ಕಾರಣ ಹುಣಸೆಯನ್ನು ಎಂದಿಗಿಂತ ಕಡಿಮೆ ಬಳಸುವುದು.
4. 1 ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ನೀಡುವುದು.

ಗಮನಿಸಬೇಕಾದ ಅಂಶಗಳು

• ಅನ್ನವಾಗಲಿ, ರಾಗಿಮುದ್ದೆಯಾಗಲಿ ಮಿತವಾಗಿರಬೇಕು. ರಾಗಿಯೂ ಗ್ಲೂಕೋಸ್ ಏರಿಸುತ್ತದೆ.
• ಇನ್ಸುಲಿನ್ ಅಥವಾ ಮಾತ್ರೆ ಪಡೆಯುತ್ತಿರುವವರು ಪೂಜೆ ಮುಗಿಯುವವರೆಗೆ ಉಪವಾಸವಿರುವುದಾದಲ್ಲಿ ಮುಂಚಿತವಾಗಿ ವೈದ್ಯರ ಸಲಹೆ ಪಡೆಯತಕ್ಕದ್ದು.
• ಬೆವರು, ನಡುಕ, ತಲೆಸುತ್ತು ಕಂಡುಬಂದಲ್ಲಿ ಗ್ಲೂಕೋಸ್ ಕುಸಿದಿರುವ ಸಂಭವವಿದ್ದು, ಕೂಡಲೇ 3 ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸತಕ್ಕದ್ದು. ಪ್ರಜ್ಞೆ ತಪ್ಪಿದ್ದಲ್ಲಿ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡತಕ್ಕದ್ದು.

30 ವರ್ಷ ಮೇಲ್ಪಟ್ಟ ಸಾರ್ವಜನಿಕರು ಸಮೀಪದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಧುಮೇಹ ತಪಾಸಣೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದಾಗಿರುತ್ತದೆ.